ಫಾಯಿಲ್ ರೆಕ್ಕೆ ಕೊಳ್ಳುವಾಗ ಏರಿಯಾಗಿಂತ ಮೊದಲು ಅಗಲ ಕೇಳಿ

ಹಾಸನದಿಂದ ಸಮುದ್ರ ನೋಡಬೇಕೆಂದರೆ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಬೇಕು. ಆದರೂ ಇಲ್ಲಿ ಫಾಯಿಲ್ ಹುಚ್ಚು, ಅಂದರೆ ಅಡಿಯಲ್ಲಿ ರೆಕ್ಕೆ ಕಟ್ಟಿದ ಬೋರ್ಡಿನ ಮೇಲೆ ನಿಂತು ನೀರಿನಿಂದ ಮೇಲೆದ್ದು ಸಾಗುವ ಹುಚ್ಚು, ಹತ್ತಿಸಿಕೊಂಡವರು ಒಬ್ಬಿಬ್ಬರು ಇದ್ದೇವೆ. ಗಾಳಿ ಬಂದರೆ ಗೊರೂರಿನ ಹಿನ್ನೀರು, ರಜೆ ಸಿಕ್ಕರೆ ಮೂಲ್ಕಿ, ಸಸಿಹಿತ್ಲು. ಹೊಸಬರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಮಾತ್ರ ಒಂದೇ: "ಅಣ್ಣ, ಸಾವಿರದ ಇನ್ನೂರು ತಗೊಳ್ಳಲಾ, ಒಂಬೈನೂರು ತಗೊಳ್ಳಲಾ?"

ಅವರು ಹೇಳುತ್ತಿರುವುದು ಮುಂದಿನ ರೆಕ್ಕೆಯ ಏರಿಯಾ, ಚದರ ಸೆಂಟಿಮೀಟರ್ ಲೆಕ್ಕದಲ್ಲಿ. ಸುಮ್ನೆ ನೀರಿನಿಂದ ಮೇಲೆದ್ದು ನೇರ ಹೋಗುವುದಾದರೆ ಆ ಪ್ರಶ್ನೆ ಸರಿಯಾಗೇ ಇದೆ. ಅಲೆಯ ಮೇಲೆ ಎಡಕ್ಕೂ ಬಲಕ್ಕೂ ವಾಲಿಕೊಂಡು, ಸರ್ಫ್ ಬೋರ್ಡಿನ ಹಾಗೆ ಕಾರ್ವಿಂಗ್ ಮಾಡಬೇಕು ಅನ್ನುವವರು ಮೊದಲು ಕೇಳಬೇಕಾದದ್ದು ಬೇರೆ. ರೆಕ್ಕೆ ತುದಿಯಿಂದ ತುದಿಗೆ ಎಷ್ಟು ಅಗಲ ಇದೆ? ಅಂದರೆ ಸ್ಪ್ಯಾನ್ ಎಷ್ಟು? ಅದು ಗೊತ್ತಾದ ಮೇಲೆ ಏರಿಯಾ ಮಾತಾಡೋಣ.

ಫಾಯಿಲ್ ನೋಡಿರದವರಿಗೆ ಎರಡು ಮಾತು. ಬೋರ್ಡಿನ ಅಡಿಯಿಂದ ಒಂದು ಕಂಬ ಇಳಿಯುತ್ತದೆ, ಅದು ಮಾಸ್ಟ್. ಅದರ ಕೆಳತುದಿಯಲ್ಲಿ ಹಿಂದೆ ಮುಂದೆ ಚಾಚಿದ ದಂಡ, ಅದು ಫ್ಯೂಸಲೇಜ್. ದಂಡದ ಮುಂದೆ ದೊಡ್ಡ ರೆಕ್ಕೆ, ಹಿಂದೆ ಸಣ್ಣ ಟೇಲ್. ಭಾರ ಎತ್ತುವುದೆಲ್ಲ ಮುಂದಿನ ರೆಕ್ಕೆಯ ಕೆಲಸ. ಟೇಲ್ ಸಾಮಾನ್ಯವಾಗಿ ಕೆಳಮುಖವಾಗಿ ಸ್ವಲ್ಪ ಒತ್ತಿಕೊಂಡು, ಬೋರ್ಡ್ ಮೂತಿ ಕುಟ್ಟದ ಹಾಗೆ ನೋಡಿಕೊಳ್ಳುತ್ತದೆ. ಕೈಯಲ್ಲಿ ಹಿಡಿಯುವ ಗಾಳಿ ತುಂಬಿದ ಹಾಯಿಗೂ ವಿಂಗ್ ಅಂತಲೇ ಹೆಸರು. ಗೊಂದಲ ಬೇಡ ಅಂತ ಇಲ್ಲಿ ಅದನ್ನು ಕೈವಿಂಗ್ ಅನ್ನುತ್ತೇನೆ. ರೆಕ್ಕೆ ಅಂದರೆ ನೀರೊಳಗಿನದು.

ಈ ಯಂತ್ರ ಸಮುದ್ರದ್ದೇ ಅನ್ನುವ ಹಾಗೂ ಇಲ್ಲ. 1906ರಲ್ಲಿ ಎನ್ರಿಕೊ ಫೋರ್ಲಾನಿನಿ ತನ್ನ ಹೈಡ್ರೋಫಾಯಿಲ್ ದೋಣಿ ಓಡಿಸಿದ್ದು ಇಟಲಿಯ ಮಜೋರೆ ಸರೋವರದಲ್ಲಿ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ದೋಣಿ 1919ರಲ್ಲಿ ಗಂಟೆಗೆ ಸುಮಾರು 114 ಕಿ.ಮೀ. ವೇಗ ಮುಟ್ಟಿದ್ದು ಕೆನಡಾದ ಬ್ರಾ ಡೋರ್ ಸರೋವರದಲ್ಲಿ. ಹಾಗಾಗಿ ಕೆರೆಯವರು ನಾಚಿಕೊಳ್ಳಬೇಕಾದದ್ದು ಏನಿಲ್ಲ.

ಈಗ ಲೆಕ್ಕ. ರೆಕ್ಕೆ ಎತ್ತುವ ಬಲ ಏರಿಯಾ ಹೆಚ್ಚಿದಷ್ಟೂ ಹೆಚ್ಚುತ್ತದೆ. ವೇಗಕ್ಕಂತೂ ವರ್ಗದ ಲೆಕ್ಕ: ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. 75 ಕೆ.ಜಿ.ಯ ಒಬ್ಬರು, ಬೋರ್ಡು ಇತ್ಯಾದಿ ಸೇರಿ 85 ಕೆ.ಜಿ. ಅಂದುಕೊಳ್ಳಿ. 1,000 ಚದರ ಸೆಂ.ಮೀ. ರೆಕ್ಕೆ ಅವರನ್ನು ಹೊತ್ತುಕೊಂಡಿರಲು ಕನಿಷ್ಠ ಗಂಟೆಗೆ 16 ಕಿ.ಮೀ. ಆಸುಪಾಸು ವೇಗ ಬೇಕು. 1,500ರ ರೆಕ್ಕೆಗೆ 13 ಸಾಕು. 700ರದ್ದಾದರೆ 19, 20 ಬೇಕು. ರೆಕ್ಕೆಯ ದಪ್ಪ, ಬಾಗು ನೋಡಿಕೊಂಡು ಈ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಅಂದಾಜಿಗೆ ಇಷ್ಟು ಸಾಕು.

ಇದಕ್ಕಿಂತ ಕಡಿಮೆ ವೇಗಕ್ಕೆ ಇಳಿದರೆ ರೆಕ್ಕೆ ಸ್ಟಾಲ್ ಆಗುತ್ತದೆ. ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ನೀರು ಬಿಟ್ಟುಕೊಳ್ಳುತ್ತದೆ, ಬೋರ್ಡ್ ಧಡಕ್ಕನೆ ಕೆಳಗೆ ಕೂರುತ್ತದೆ.

ಅಲೆಯ ವೇಗಕ್ಕೂ ಒಂದು ಲೆಕ್ಕ ಇದೆ. ದಡದ ಹತ್ತಿರದ ಆಳ ಕಡಿಮೆ ನೀರಿನಲ್ಲಿ ಅಲೆ ಎಷ್ಟು ಬೇಗ ಓಡುತ್ತದೆ ಅನ್ನುವುದನ್ನು ಆಳವೇ ತೀರ್ಮಾನಿಸುತ್ತದೆ. ಒಂದೂವರೆ ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 14 ಕಿ.ಮೀ., ಎರಡೂವರೆ ಮೀಟರ್‌ನಲ್ಲಿ ಸುಮಾರು 18. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಿಟ್ಟು ಉಳಿದ ದಿನಗಳ ಸಣ್ಣ ಅಲೆಗೆ ಇಂಥ ವೇಗವನ್ನೇ ಲೆಕ್ಕ ಹಾಕಿಕೊಳ್ಳಿ. ಅಲೆಗೆ ಅಡ್ಡವಾಗಿ ಓರೆಯಲ್ಲಿ ಹೋಗುವಾಗ ನಿಮ್ಮ ವೇಗ ಅಲೆಗಿಂತ ಜಾಸ್ತಿ ಇರುತ್ತದೆ, ನಿಜ. ಆದರೂ ಹವಾಯಿಯ ದೊಡ್ಡ ಅಲೆಯ ಮೇಲೆ 700ರ ರೆಕ್ಕೆಯಲ್ಲಿ ಕುಣಿಯುವವರ ವಿಡಿಯೋ ನೋಡಿ ಅದನ್ನೇ ತರಿಸಿದರೆ ಸಸಿಹಿತ್ಲಿನಲ್ಲಿ ನೀವು ಕುಣಿಯುವುದಿಲ್ಲ, ಈಜುತ್ತೀರಿ.

ವಾಲಿದಾಗ ಕಥೆಯೇ ಬೇರೆ. ನೇರ ಹೋಗುವಾಗ ರೆಕ್ಕೆ ಹೊರುವುದು ನಿಮ್ಮ ಭಾರವನ್ನಷ್ಟೇ. 45 ಡಿಗ್ರಿ ವಾಲಿ ತಿರುಗುವಾಗ ಭಾರವನ್ನೂ ಹೊರಬೇಕು, ನಿಮ್ಮನ್ನು ತಿರುವಿನ ಒಳಕ್ಕೂ ಎಳೆಯಬೇಕು. ಎರಡೂ ಸೇರಿ 1.41 ಪಟ್ಟು. ಅಂದರೆ 85 ಕೆ.ಜಿ. ಇದ್ದದ್ದು ರೆಕ್ಕೆಯ ಪಾಲಿಗೆ 120 ಕೆ.ಜಿ. 16 ಕಿ.ಮೀ. ವೇಗದಲ್ಲಿ ಹಾಯಾಗಿ ತೇಲುತ್ತಿದ್ದ ಅದೇ 1,000ದ ರೆಕ್ಕೆಗೆ ಈಗ 19ಕ್ಕೂ ಜಾಸ್ತಿ ವೇಗ ಬೇಕು. 60 ಡಿಗ್ರಿ ವಾಲಿದರೆ ಭಾರ ಪೂರ್ತಿ ಎರಡು ಪಟ್ಟು. ತಿರುವಿನ ನಡುಮಧ್ಯೆ ಬೋರ್ಡ್ ಕಾಲಡಿಯಿಂದ ಮಾಯವಾಯಿತು ಅಂತ ಹೇಳುವವರಲ್ಲಿ ಬಹಳ ಜನರಿಗೆ ಆಗುವುದು ಇದೇ. ನೇರ ಹೋಗಲು ಸಾಕಾಗುವ ರೆಕ್ಕೆ ತಿರುಗಲು ಸಾಕಾಗಿರುವುದಿಲ್ಲ.

"ಸಣ್ಣ ರೆಕ್ಕೆ ಚೆನ್ನಾಗಿ ತಿರುಗುತ್ತದೆ" ಅನ್ನುತ್ತಾರಲ್ಲ, ಅದರಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಒಂದು, ಎಡದಿಂದ ಬಲಕ್ಕೆ ಎಷ್ಟು ಬೇಗ ವಾಲಬಹುದು ಅನ್ನುವುದು. ಇನ್ನೊಂದು, ವಾಲಿದ ಮೇಲೆ ಎಷ್ಟು ಚಿಕ್ಕ ವೃತ್ತದಲ್ಲಿ ತಿರುಗಬಹುದು ಅನ್ನುವುದು. ವೃತ್ತದ ಗಾತ್ರ ನಿಮ್ಮ ವೇಗ ಮತ್ತು ವಾಲಿದ ಕೋನ ಎರಡರ ಮೇಲೆ ಮಾತ್ರ ನಿಂತಿದೆ. 45 ಡಿಗ್ರಿಯಲ್ಲಿ, ಗಂಟೆಗೆ 19-20 ಕಿ.ಮೀ. ವೇಗದಲ್ಲಿ ವೃತ್ತದ ತ್ರಿಜ್ಯ ಸುಮಾರು 3 ಮೀಟರ್. 25 ಕಿ.ಮೀ. ವೇಗದಲ್ಲಿ ಅದೇ 5 ಮೀಟರ್. ಏರಿಯಾ ಕಡಿಮೆ ಇರುವ ರೆಕ್ಕೆ ಜೋರಾಗಿ ಓಡಲೇಬೇಕು, ಹಾಗಾಗಿ ಅದರ ವೃತ್ತ ದೊಡ್ಡದು. ನಮ್ಮ ಕಡೆಯ ಅಲೆಯಲ್ಲಿ ಆಡಲು ಸಿಗುವ ಜಾಗವೇ ಸಣ್ಣದು. 5 ಮೀಟರ್ ತಿರುವು ಮುಗಿಸುವಷ್ಟರಲ್ಲಿ ಅಲೆ ಮುಂದೆ ಹೋಗಿರುತ್ತದೆ.

ಬೇಗ ವಾಲುವುದು ಮಾತ್ರ ಏರಿಯಾದ ವಿಷಯಕ್ಕಿಂತ ಹೆಚ್ಚಾಗಿ ಸ್ಪ್ಯಾನ್ ವಿಷಯ. ಮೆಣಸು ಕುಯ್ಯುವ ಉದ್ದ ಏಣಿಯನ್ನು ಹೆಗಲ ಮೇಲೆ ಹೊತ್ತು ಕಾಫಿ ಗಿಡಗಳ ಸಾಲಿನಲ್ಲಿ ತಿರುಗಿ ನೋಡಿ. ಅಷ್ಟೇ ತೂಕದ ಗಿಡ್ಡ ಏಣಿ ಹೊತ್ತಾಗ ಆಗುವ ವ್ಯತ್ಯಾಸ ಸಕಲೇಶಪುರದ ಕಡೆಯವರಿಗೆ ಹೇಳಬೇಕಾಗಿಲ್ಲ. ರೆಕ್ಕೆಗೆ ಇನ್ನೂ ಒಂದು ಕಷ್ಟ ಇದೆ. ವಾಲುವಾಗ ಅದರ ತುದಿಗಳು ನೀರನ್ನು ಮೇಲಕ್ಕೂ ಕೆಳಕ್ಕೂ ತಳ್ಳಿಕೊಂಡು ಹೋಗಬೇಕು. ನಡುವಿನಿಂದ ತುದಿ ಎಷ್ಟು ದೂರವೋ ಅಷ್ಟು ಜೋರಾಗಿ ನೀರು ತಡೆಯುತ್ತದೆ. ಅಗಲದ ರೆಕ್ಕೆಯಲ್ಲಿ ಹಿಮ್ಮಡಿ ಒತ್ತಿದ ಮೇಲೆ ಬೋರ್ಡ್ ಯೋಚನೆ ಮಾಡಿ ತಿರುಗಿದ ಹಾಗಿರುತ್ತದೆ.

ಸ್ಪ್ಯಾನ್ ಮೊದಲು ನೋಡಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ನನಗೆ ಅದೇ ದೊಡ್ಡದು. ವಾಲಿದಾಗ ರೆಕ್ಕೆಯ ಒಂದು ತುದಿ ಮೇಲಕ್ಕೆ ಬರುತ್ತದೆ. ಎಷ್ಟು ಮೇಲಕ್ಕೆ? ಕಾಗದದ ಮೇಲೆ ಬರೆದು ನೋಡೋಣ.

ಮಾಸ್ಟ್ 80 ಸೆಂ.ಮೀ. ಇದೆ ಅನ್ನಿ. 45 ಡಿಗ್ರಿ ವಾಲಿದರೆ ಬೋರ್ಡಿನ ಅಡಿಯಿಂದ ರೆಕ್ಕೆಗೆ ನೆಟ್ಟಗಿನ ಎತ್ತರ 57 ಸೆಂ.ಮೀ. ಅಷ್ಟೇ ಉಳಿಯುತ್ತದೆ. ಬೋರ್ಡು 50 ಸೆಂ.ಮೀ. ಅಗಲ ಇದ್ದರೆ ಅದರ ಒಳಬದಿಯ ಅಂಚು 18 ಸೆಂ.ಮೀ. ಕೆಳಗೆ ಬಂದಿರುತ್ತದೆ. ಆ ಅಂಚು ನೀರಿಗೆ ತಾಗದೆ ಇರಬೇಕಾದರೆ ರೆಕ್ಕೆಯ ನಡುಭಾಗ 39 ಸೆಂ.ಮೀ.ಗಿಂತ ಆಳಕ್ಕೆ ಹೋಗುವಂತಿಲ್ಲ. ಈಗ 84 ಸೆಂ.ಮೀ. ಸ್ಪ್ಯಾನಿನ ರೆಕ್ಕೆ ಹಾಕಿ. ಅರ್ಧ 42. ಅದರ ತುದಿ 30 ಸೆಂ.ಮೀ. ಮೇಲೇಳುತ್ತದೆ. ನೀರಿನ ಮಟ್ಟದಿಂದ ಇನ್ನೂ 9 ಸೆಂ.ಮೀ. ಕೆಳಗಿದೆ, ಪರವಾಗಿಲ್ಲ. 110 ಸೆಂ.ಮೀ. ರೆಕ್ಕೆ ಹಾಕಿದರೆ ತುದಿ 39 ಸೆಂ.ಮೀ. ಏಳುತ್ತದೆ. ಸರಿಯಾಗಿ ನೀರಿನ ಮಟ್ಟಕ್ಕೆ. ಸ್ವಲ್ಪ ಹೆಚ್ಚು ವಾಲಿದರೂ ಹೊರಗೆ. ಇನ್ನು ಮಾಸ್ಟ್ 70 ಸೆಂ.ಮೀ. ಆಗಿದ್ದರೆ 84ರ ರೆಕ್ಕೆಯ ತುದಿಗೂ ಉಳಿಯುವುದು ಎರಡು ಸೆಂ.ಮೀ. ಮಾತ್ರ.

ತುದಿ ಹೊರಬಂದರೆ ಏನಾಗುತ್ತದೆ ಅನ್ನುವುದನ್ನು ದಡದಲ್ಲಿ ನಿಂತು ನೋಡಬಹುದು. ಮೊದಲು ಸುಯ್ಯ್ ಅನ್ನುವ ಸದ್ದು. ಬೆನ್ನಲ್ಲೇ ನೀರಿನ ಮೇಲೆ ತೆಳ್ಳನೆ ಬಿಳಿ ಗೀಟು. ತುದಿಯ ಹತ್ತಿರದ ಕಡಿಮೆ ಒತ್ತಡದ ಜಾಗಕ್ಕೆ ಗಾಳಿ ನುಗ್ಗಿ, ಗುಳ್ಳೆಯಾಗಿ ರೆಕ್ಕೆಯ ಮೇಲ್ಮೈ ಉದ್ದಕ್ಕೂ ಒಳಗೆ ಹರಿಯುತ್ತದೆ. ಗಾಳಿ ಹೊಕ್ಕ ಭಾಗ ಭಾರ ಎತ್ತುವುದನ್ನು ಬಹುಪಾಲು ನಿಲ್ಲಿಸುತ್ತದೆ. ಒಳ್ಳೆಯ ರೆಕ್ಕೆಯಾದರೆ ತುದಿಯ ಹತ್ತು ಸೆಂಟಿಮೀಟರ್ ಮಾತ್ರ ಗಾಳಿ ಕುಡಿದು ಮತ್ತೆ ಹಿಡಿದುಕೊಳ್ಳುತ್ತದೆ, ಸವಾರನ ಮುಖದಲ್ಲಿ ನಗುವೂ ಇರುತ್ತದೆ. ಇಲ್ಲದಿದ್ದರೆ ಗಾಳಿ ನಡುವಿನ ತನಕ ಓಡಿ, ಹೆಚ್ಚು ಭಾರ ಬಿದ್ದಿರುವ ಹೊತ್ತಿನಲ್ಲೇ ರೆಕ್ಕೆ ಕೈ ಕೊಡುತ್ತದೆ. ತುದಿ ಸಣ್ಣದಾಗಿ, ತೆಳುವಾಗಿ, ಸ್ವಲ್ಪ ಹಿಂದಕ್ಕೆ ಬಾಗಿರುವ ರೆಕ್ಕೆಗಳು ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಅಗಲವಾಗಿ ಚೌಕಾಕಾರದಲ್ಲಿ ಮುಗಿಯುವ ತುದಿ ನನಗಂತೂ ಇಷ್ಟವಿಲ್ಲ.

ಹಾಗಾದರೆ ಸ್ಪ್ಯಾನ್ ಕಡಿಮೆ ಮಾಡುತ್ತಲೇ ಹೋಗೋಣವೇ? ಅಲ್ಲೇ ಇರುವುದು ತೊಡಕು.

ರೆಕ್ಕೆಯ ಕೆಳಗೆ ಒತ್ತಡ ಜಾಸ್ತಿ, ಮೇಲೆ ಕಡಿಮೆ. ತುದಿಗಳಲ್ಲಿ ಕೆಳಗಿನ ನೀರು ಮೇಲಕ್ಕೆ ಸುತ್ತಿಕೊಂಡು ಸುಳಿಯಾಗುತ್ತದೆ. ಆ ಸುಳಿಗೆ ಬೇಕಾದ ಶಕ್ತಿ ನಿಮ್ಮ ವೇಗದಿಂದಲೇ ಹೋಗಬೇಕು. ಅದೇ ಭಾರ, ಅದೇ ವೇಗದಲ್ಲಿ ಈ ನಷ್ಟವನ್ನು ತೀರ್ಮಾನಿಸುವುದು ಏರಿಯಾ ಅಲ್ಲ, ಸ್ಪ್ಯಾನ್. ಸ್ಪ್ಯಾನ್ ಎರಡು ಪಟ್ಟಾದರೆ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. 84ರಿಂದ 110 ಸೆಂ.ಮೀ.ಗೆ ಹೋದರೆ ಸುಮಾರು ಶೇ. 40ರಷ್ಟು ಉಳಿತಾಯ. ಅಗಲದ ರೆಕ್ಕೆಗಳು ದೂರ ದೂರ ಜಾರುವುದು, ಕಾಲಲ್ಲಿ ಪಂಪ್ ಮಾಡಿ, ಅಂದರೆ ಬೋರ್ಡನ್ನು ಒತ್ತಿ ಎತ್ತಿ ವೇಗ ಉಳಿಸಿಕೊಂಡು, ಮುಂದಿನ ಅಲೆ ಹಿಡಿಯಲು ಸುಲಭವಾಗುವುದು ಇದೇ ಕಾರಣಕ್ಕೆ. ಇನ್ನೊಂದು ಕಡೆ, 45 ಡಿಗ್ರಿ ವಾಲಿದಾಗ ಈ ಸುಳಿಯ ನಷ್ಟ ಎರಡು ಪಟ್ಟಾಗುತ್ತದೆ. ಗಿಡ್ಡ ರೆಕ್ಕೆ ತಿರುವಿನಲ್ಲಿ ವೇಗವನ್ನು ನೀರಿನಂತೆ ಖರ್ಚು ಮಾಡುತ್ತದೆ. ಆ ಖರ್ಚನ್ನು ಯಾರು ಕೊಡುತ್ತಾರೆ ಅನ್ನುವುದರ ಮೇಲೆ ನಿಮ್ಮ ಆಯ್ಕೆ ನಿಂತಿದೆ. ಅಲೆ ಗಟ್ಟಿಯಾಗಿದ್ದರೆ ಅಲೆಯೇ ಕೊಡುತ್ತದೆ. ಅಲೆ ಸೋತಿದ್ದರೆ ಕೈವಿಂಗ್ ಕೊಡಬೇಕು, ಇಲ್ಲವೇ ನಿಮ್ಮ ತೊಡೆ ಕೊಡಬೇಕು.

ಅಂಗಡಿಯವರು ಹೇಳುವ ಆಸ್ಪೆಕ್ಟ್ ರೇಶಿಯೋ ಈಗ ಅರ್ಥವಾಗುತ್ತದೆ. ಸ್ಪ್ಯಾನನ್ನು ಅದರಿಂದಲೇ ಗುಣಿಸಿ, ಏರಿಯಾದಿಂದ ಭಾಗಿಸಿದರೆ ಬರುವ ಸಂಖ್ಯೆ. 1,100 ಚದರ ಸೆಂ.ಮೀ. ಏರಿಯಾ, 85 ಸೆಂ.ಮೀ. ಸ್ಪ್ಯಾನ್ ಇದ್ದರೆ ಸುಮಾರು 6.6. ಅದೇ ಏರಿಯಾ 110 ಸೆಂ.ಮೀ.ಗೆ ಹರಡಿದರೆ 11. ಏರಿಯಾ ಎರಡಕ್ಕೂ ಒಂದೇ, ಸ್ವಭಾವ ಮಾತ್ರ ಅಜಗಜಾಂತರ. ಕಾರ್ವಿಂಗಿಗೆ 5.5ರಿಂದ 8ರ ನಡುವೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ತಪ್ಪಲ್ಲ. ಆದರೆ ಈ ಸಂಖ್ಯೆ ಒಂದನ್ನೇ ಹಿಡಿದುಕೊಂಡರೆ ಮೋಸ ಹೋಗುತ್ತೀರಿ. 1,800ರ ದೊಡ್ಡ ರೆಕ್ಕೆಗೂ 6.6 ಬರಬಹುದು, ಆಗ ಅದರ ಸ್ಪ್ಯಾನ್ 109 ಸೆಂ.ಮೀ. ಇರುತ್ತದೆ. ವಾಲಿಸಿ ನೋಡಿ, ತುದಿ ಎಲ್ಲಿರುತ್ತದೆ ಅಂತ.

ನನ್ನ ಲೆಕ್ಕದಲ್ಲಿ 75 ಕೆ.ಜಿ.ಯ ಆಸುಪಾಸಿನವರು, ಒಂದೇ ರೆಕ್ಕೆ ಕೊಳ್ಳುವವರು, ನಮ್ಮ ಕರಾವಳಿಯ ಅಲೆಗೆ ಅಂದರೆ: ಸ್ಪ್ಯಾನ್ 80ರಿಂದ 88 ಸೆಂ.ಮೀ. ಒಳಗೆ, ಏರಿಯಾ 1,000ರಿಂದ 1,200. ಮಾಸ್ಟ್ 75ಕ್ಕಿಂತ ಕಡಿಮೆ ಬೇಡ, 80 ಆದರೆ ಒಳ್ಳೆಯದು. 60 ಕೆ.ಜಿ.ಯವರು 900ರ ಸುತ್ತ, ಸ್ಪ್ಯಾನ್ 77ರ ಹತ್ತಿರ ನೋಡಲಿ. ಭಾರಕ್ಕೆ ತಕ್ಕ ಹಾಗೆ ಏರಿಯಾ ಇಳಿಸಿದರೆ ಸ್ಪ್ಯಾನ್ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಸ್ವಲ್ಪ ಕಡಿಮೆ ಇಳಿಯುತ್ತದೆ. ಈಗಷ್ಟೇ ಕಲಿಯುತ್ತಿರುವವರಿಗೆ ಇದಲ್ಲ. ಅವರಿಗೆ 1,500ರ ಮೇಲಿನ ದಪ್ಪ ರೆಕ್ಕೆಯೇ ಸರಿ, ಕಾರ್ವಿಂಗ್ ಆಮೇಲೆ.

ದಪ್ಪ ಅಂದೆ. ದಪ್ಪ ರೆಕ್ಕೆ ಕಡಿಮೆ ವೇಗದಲ್ಲೇ ಏಳುತ್ತದೆ, ಸ್ಟಾಲ್ ಆಗುವಾಗಲೂ ಮೊದಲೇ ಸೂಚನೆ ಕೊಟ್ಟು ಮೆಲ್ಲಗೆ ಕೂರುತ್ತದೆ. ತೆಳು ರೆಕ್ಕೆ ಜೋರಾಗಿ ಓಡುತ್ತದೆ, ಕೈ ಕೊಡುವಾಗ ಹೇಳಿ ಕೇಳಿ ಕೊಡುವುದಿಲ್ಲ. ತುದಿಗಳು ಕೆಳಕ್ಕೆ ಬಾಗಿದ್ದರೆ ವಾಲುವುದು ಸಡಿಲ, ಮೇಲಕ್ಕೆ ಬಾಗಿದ್ದರೆ ಸ್ವಲ್ಪ ಸ್ಥಿರ. ಇದರ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಕೊಳ್ಳುವವರು ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಗೊರೂರಿಗೆ ಬರೋಣ. ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2,922 ಅಡಿ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಸುಮಾರು ಶೇ. 8 ಕಡಿಮೆ. ಗಾಳಿ ಅಷ್ಟೇ ಜೋರಾಗಿ ಬೀಸಿದರೂ ಕೈವಿಂಗ್ ಎಳೆಯುವ ಬಲ ಅಷ್ಟರಮಟ್ಟಿಗೆ ಕಡಿಮೆ. ನೀರಿಗೆ ಎತ್ತರದ ಹಂಗಿಲ್ಲ. ಸಿಹಿನೀರು ಉಪ್ಪುನೀರಿಗಿಂತ ಶೇ. 2-3ರಷ್ಟು ಹಗುರ, ಅಷ್ಟೇ. ಹಾಗಾಗಿ ಸಮುದ್ರದಲ್ಲಿ ಸರಿ ಹೋದ ಸೆಟ್ಟು ಇಲ್ಲಿ ಬಡವಾಯಿತು ಅನ್ನಿಸಿದರೆ ಬದಲಿಸಬೇಕಾದದ್ದು ಕೈವಿಂಗ್, ನೀರೊಳಗಿನ ರೆಕ್ಕೆಯಲ್ಲ. ಬಹಳ ಜನ ಉಲ್ಟಾ ಮಾಡುತ್ತಾರೆ. ಕೆರೆಯಲ್ಲಿ ಏಳುವುದಿಲ್ಲ ಅಂತ 110 ಸೆಂ.ಮೀ. ರೆಕ್ಕೆ ತರಿಸುತ್ತಾರೆ, ಅದನ್ನೇ ಮೂಲ್ಕಿಗೂ ಒಯ್ಯುತ್ತಾರೆ, ಆಮೇಲೆ ಕಾರ್ವಿಂಗ್ ಬರಲ್ಲ ಅನ್ನುತ್ತಾರೆ.

ಹಿನ್ನೀರಿನಲ್ಲಿ ಅಲೆ ಇಲ್ಲ. ಅಲೆಯ ಮೇಲಿನ ತಿರುವು ಇಲ್ಲಿ ಪೂರ್ತಿ ಕಲಿಯಲು ಆಗುವುದಿಲ್ಲ. ಆದರೆ ಎಡ ಬಲ ವಾಲುವ ಅಭ್ಯಾಸಕ್ಕೆ ಸಪಾಟು ನೀರಿಗಿಂತ ಒಳ್ಳೆಯ ಜಾಗ ಇಲ್ಲ. ಮುಂಗಾರಿನ ಪಡುಗಾಳಿ ಇಲ್ಲಿ ಬಿಟ್ಟು ಬಿಟ್ಟು ಬೀಸುತ್ತದೆ, ಸಡನ್ನಾಗಿ ಸತ್ತೂ ಹೋಗುತ್ತದೆ. ಗಾಳಿ ಸತ್ತಾಗ ತಿರುವಿನಲ್ಲಿದ್ದರೆ ಸುಳಿಯ ಖರ್ಚಿಗೆ ಹಣ ಕೊಡುವವರು ಯಾರೂ ಇಲ್ಲ. ಆದ್ದರಿಂದ ಕೆರೆಯಲ್ಲಿ ಅಭ್ಯಾಸ ಮಾಡುವಾಗ ವೇಗ ಕೂಡಿಸಿಕೊಂಡು, ದೊಡ್ಡ ತಿರುವಿನಿಂದ ಶುರು ಮಾಡಿ. ಇನ್ನೊಂದು ಮಾತು: ಹಿನ್ನೀರಿನ ಅಡಿಯಲ್ಲಿ ಮುಳುಗಿದ ಮರದ ಬುಡಗಳು, ಹಳೇ ಗೋಡೆಗಳು, ಮೀನಿನ ಬಲೆಗಳು ಇರುತ್ತವೆ. ಶೆಟ್ಟಿಹಳ್ಳಿ ಚರ್ಚಿನ ಸುತ್ತಮುತ್ತ ನೀರು ಏರಿದಾಗ ಚೆಂದ ಕಾಣುತ್ತದೆ ಅಂತ ಅಲ್ಲಿ ಇಳಿಯಲು ಹೋಗಬೇಡಿ. 80 ಸೆಂ.ಮೀ. ಮಾಸ್ಟಿಗೆ ಕಡಿಮೆ ಅಂದರೂ ಎದೆಮಟ್ಟ ನೀರು ಬೇಕು, ಅಡಿಯಲ್ಲಿ ಏನಿದೆ ಅಂತಲೂ ಗೊತ್ತಿರಬೇಕು. ಅಣೆಕಟ್ಟಿನ ಕಡೆ ಸುಳಿಯಲೇಬೇಡಿ. ಎಲ್ಲಿ ಇಳಿಯಬಹುದು ಅನ್ನುವುದನ್ನು ನೀರಾವರಿಯವರನ್ನೂ, ಅಲ್ಲೇ ತೆಪ್ಪ ಹಾಕುವವರನ್ನೂ ಕೇಳಿಕೊಂಡು ಇಳಿಯಿರಿ. ಜೊಂಡು ಇರುವ ಕಡೆ ಮುಂದಿನ ಅಂಚು ಹಿಂದಕ್ಕೆ ಓರೆಯಾಗಿರುವ ರೆಕ್ಕೆ ಒಳ್ಳೆಯದು, ಜೊಂಡು ಜಾರಿ ಹೋಗುತ್ತದೆ.

ಹಾಸನದಲ್ಲಿ ಇದನ್ನು ಅಂಗಡಿಗೆ ಹೋಗಿ ಮುಟ್ಟಿ ನೋಡಿ ಕೊಳ್ಳಲು ಆಗುವುದಿಲ್ಲ. ಹೊರಗಿಂದ ತರಿಸಬೇಕು, ಇಲ್ಲವೇ ಕರಾವಳಿಯಲ್ಲಿ ಯಾರೋ ಬಳಸಿದ್ದನ್ನು ಹಿಡಿಯಬೇಕು. ಹಾಗೆ ಕೊಳ್ಳುವಾಗ ಎರಡು ವಿಷಯ ನೆನಪಿರಲಿ. ಮೊದಲನೆಯದು, ಒಂದು ಕಂಪನಿಯ ರೆಕ್ಕೆ ಇನ್ನೊಂದು ಕಂಪನಿಯ ಫ್ಯೂಸಲೇಜಿಗೆ ಸಾಮಾನ್ಯವಾಗಿ ಕೂರುವುದಿಲ್ಲ. ಬೋಲ್ಟಿನ ಜಾಗವೇ ಬೇರೆ. ಎರಡನೆಯದು, ಏರಿಯಾವನ್ನು ಎಲ್ಲರೂ ಒಂದೇ ರೀತಿ ಅಳೆಯುವುದಿಲ್ಲ. ಕೆಲವರು ಮೇಲಿಂದ ನೋಡಿದರೆ ಕಾಣುವ ನೆರಳಿನ ಅಳತೆ ಕೊಡುತ್ತಾರೆ, ಕೆಲವರು ಬಾಗನ್ನೂ ಸೇರಿಸಿ ಮೇಲ್ಮೈ ಅಳೆಯುತ್ತಾರೆ. ಇಬ್ಬರ 1,100 ಒಂದೇ ಆಗಿರಬೇಕಾಗಿಲ್ಲ. ಸ್ಪ್ಯಾನಿನಲ್ಲಿ ಈ ಆಟ ಕಷ್ಟ. ಟೇಪು ಹಿಡಿದರೆ ಗೊತ್ತಾಗುತ್ತದೆ.

ಬಳಸಿದ್ದಾದರೆ ರೆಕ್ಕೆಯನ್ನು ಜಗಲಿಯ ಮೇಲೆ ಬೋರಲು ಹಾಕಿ, ಹಿಂದಿನ ಅಂಚಿನ ಉದ್ದಕ್ಕೂ ಬೆರಳು ಹಾಯಿಸಿ. ಸಣ್ಣ ಹಲ್ಲುಗಳು ತಾಗಿದರೆ ನೆಲಕ್ಕೆ ಬಡಿದಿದೆ ಅಂತ ಅರ್ಥ. ಬೋಲ್ಟಿನ ತೂತಿನ ಸುತ್ತ ಕೂದಲೆಳೆಯ ಬಿರುಕು ಇದೆಯಾ ಅಂತ ಬಿಸಿಲಿಗೆ ಹಿಡಿದು ನೋಡಿ. ಇದ್ದರೆ ಎಷ್ಟೇ ಅಗ್ಗವಾದರೂ ಬೇಡ. ಕೆಲವು ರೆಕ್ಕೆಗಳು ಒಂದು ವೇಗಕ್ಕೆ ಬಂದಾಗ ಗುಂಯ್ ಅಂತ ಹಾಡುತ್ತವೆ. ಅದು ಹಿಂದಿನ ಅಂಚು ಮೊಂಡಾಗಿರುವುದರಿಂದ ಆಗುವುದು. ನುಣುಪು ಉಪ್ಪುಕಾಗದದಲ್ಲಿ ಓರೆಯಾಗಿ ಸ್ವಲ್ಪ ತೀಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ, ಅದಕ್ಕಾಗಿ ಬೆಲೆ ಇಳಿಸಿ ಕೇಳಿ.

ರೆಕ್ಕೆ ಬಂದ ಮೇಲೂ ತಿರುಗುವುದು ಗಟ್ಟಿ ಅನ್ನಿಸಿದರೆ ಇನ್ನೊಂದು ರೆಕ್ಕೆಗೆ ದುಡ್ಡು ಸುರಿಯುವ ಮೊದಲು ಟೇಲ್ ನೋಡಿ. ಸಣ್ಣ ಟೇಲ್, ಗಿಡ್ಡ ಫ್ಯೂಸಲೇಜ್ ಹಾಕಿದರೆ ಅದೇ ರೆಕ್ಕೆ ಸಡಿಲವಾಗುತ್ತದೆ. ಬೆಲೆಯೂ ಕಡಿಮೆ. ಟೇಲಿನ ಅಡಿಗೆ ಇಡುವ ಶಿಮ್ ಅನ್ನುವ ತೆಳು ಬೆಣೆ ಇನ್ನೂ ಅಗ್ಗ. ಅರ್ಧ ಡಿಗ್ರಿ ಬದಲಾದರೂ ಕಾಲಿಗೆ ತಿಳಿಯುತ್ತದೆ. ವಾಲಿದಾಗಲೆಲ್ಲ ತುದಿ ಹೊರಬಂದು ಜಾರುತ್ತಿದ್ದರೆ ಟೇಲಿನಿಂದ ಪ್ರಯೋಜನವಿಲ್ಲ, ಮಾಸ್ಟ್ ಉದ್ದ ಮಾಡಿ ಅಥವಾ ಸ್ಪ್ಯಾನ್ ಇಳಿಸಿ. ತುದಿ ಒಳಗೇ ಇದ್ದು ತಿರುವಿನ ಕೊನೆಯಲ್ಲಿ ಬೋರ್ಡ್ ಕೂತುಬಿಡುತ್ತಿದ್ದರೆ ಏರಿಯಾ ಸಾಲದು, ಅದೇ ಸ್ಪ್ಯಾನಿನಲ್ಲಿ ನೂರೋ ಇನ್ನೂರೋ ಜಾಸ್ತಿ ಇರುವುದನ್ನು ಹುಡುಕಿ. ತಿರುವು ಚೆನ್ನಾಗಿ ಮುಗಿದು, ಮುಂದಿನ ತಿರುವಿಗೆ ವೇಗ ಉಳಿಯುತ್ತಿಲ್ಲ ಅಂದರೆ ಮಾತ್ರ ಸ್ಪ್ಯಾನ್ ಏರಿಸುವ ಮಾತು. ಆಗಲೂ ಒಂದೇ ಸಲಕ್ಕೆ ಐದು ಸೆಂಟಿಮೀಟರಿಗಿಂತ ಜಾಸ್ತಿ ಏರಿಸಬೇಡಿ.